ರೂಟರ್ ಅಟ್ಟ ಹತ್ತಿದ ಕಥೆ

ಮೊದಲ ಆಂಟೆನಾ ಸಿಕ್ಕಿಸಿದ ದಿನ ರೂಟರಿನ ಮೇಲೆ ಸಿಗ್ನಲ್ ಕಡ್ಡಿ ಒಂದು ಜಾಸ್ತಿಯಾಯಿತು. ನೆಟ್ ಮಾತ್ರ ಮೊದಲಿಗಿಂತ ನಿಧಾನವಾಯಿತು.

"ಕಡ್ಡಿ ಏರಿದೆ ನೋಡಕ್ಕಾ" ಅಂತ ತಮ್ಮ ಬೀಗುತ್ತಿದ್ದ. ಆಗಷ್ಟೇ ತಾರಸಿಯಿಂದ ಇಳಿದು ಬಂದಿದ್ದ, ಕೈಯೆಲ್ಲ ಸಿಮೆಂಟ್ ಪುಡಿ. ನಾನು ವೇಗ ಅಳೆದು ನೋಡಿದೆ. ಬೆಳಿಗ್ಗೆ 6 ಎಂಬಿಪಿಎಸ್ ಇತ್ತು, ಈಗ 4. ಇನ್ನೊಮ್ಮೆ ಅಳೆದೆ. 4.2. ಅವನಿಗೆ ಹೇಳಲು ಮನಸ್ಸಾಗದೆ ಫೋನ್ ಮಗುಚಿಟ್ಟೆ.

ನಾನು ಮನೆಯಲ್ಲೇ ಕೂತು ಲೆಕ್ಕಪತ್ರ ನೋಡುವವಳು. ದಿನಕ್ಕೆ ಎರಡಾದರೂ ವಿಡಿಯೋ ಮೀಟಿಂಗ್ ಇರುತ್ತದೆ. ಮನೆವರೆಗೆ ಫೈಬರ್ ಬಂದಿಲ್ಲ, ಸಿಮ್ ಹಾಕುವ ರೂಟರೇ ಗತಿ. ಮೀಟಿಂಗ್ ನಡುವೆ ನನ್ನ ಮುಖ ಬಾಯಿ ತೆರೆದ ಹಾಗೇ ನಿಂತುಬಿಡುತ್ತಿತ್ತು. ಸರಿ, ಹೊರಗಡೆ ಒಂದು ಆಂಟೆನಾ ಹಾಕೋಣ ಅಂತ ಆನ್‌ಲೈನಿನಲ್ಲಿ ಹುಡುಕಿದೆ. ದೊಡ್ಡ ಸಂಖ್ಯೆ ಬರೆದಿದ್ದನ್ನೇ ಆರಿಸಿದೆ: ಉದ್ದ ಕೋಲಿನಂಥ ಆಂಟೆನಾ, '12 ಡಿಬಿಐ' (ಆಂಟೆನಾದ ಹಿಡಿತದ ಅಳತೆ), ಜೊತೆಗೆ 10 ಮೀಟರ್ ವೈರ್. ತಾರಸಿಯಿಂದ ಕೆಳಗಿನ ಹಾಲ್‌ವರೆಗೂ ವೈರ್ ಬರುತ್ತದಲ್ವಾ ಅಂತ ಖುಷಿಯೋ ಖುಷಿ. ಈ ಒಂದೇ ಖರೀದಿಯಲ್ಲಿ ಮೂರು ತಪ್ಪು ಮಾಡಿದ್ದೆ. ಅದು ಗೊತ್ತಾಗಲು ಎರಡು ವಾರ ಹಿಡಿಯಿತು.

ಶುರುವಿಗೇ ಕಲಿತದ್ದು, ಕಡ್ಡಿಗಳನ್ನು ನಂಬಬಾರದು ಅಂತ. ಎಷ್ಟು ಸಿಗ್ನಲ್ಲಿಗೆ ಎಷ್ಟು ಕಡ್ಡಿ ಅನ್ನುವುದನ್ನು ರೂಟರ್ ಮಾಡಿದವರು ತಮಗೆ ಬೇಕಾದಂತೆ ಇಟ್ಟುಕೊಂಡಿರುತ್ತಾರೆ. ಬ್ರೌಸರಿನಲ್ಲಿ ರೂಟರಿನ ಸೆಟ್ಟಿಂಗ್ಸ್ ಪುಟ ತೆರೆದರೆ ನಿಜವಾದ ಅಂಕಿಗಳು ಸಿಗುತ್ತವೆ. ಎರಡನ್ನು ನೋಡಿದರೆ ಸಾಕು. ಒಂದು ಆರ್‌ಎಸ್‌ಆರ್‌ಪಿ, ಅಂದರೆ ಟವರಿನ ದನಿ ನಮ್ಮವರೆಗೆ ಎಷ್ಟು ಜೋರಾಗಿ ಮುಟ್ಟುತ್ತಿದೆ ಅನ್ನುವುದು. ಇನ್ನೊಂದು ಎಸ್‌ಐಎನ್‌ಆರ್, ಅಂದರೆ ಸುತ್ತಲಿನ ಗಲಾಟೆಯ ನಡುವೆ ಆ ದನಿ ಎಷ್ಟು ಬಿಡಿಸಿ ಕೇಳುತ್ತಿದೆ ಅನ್ನುವುದು. ಗಲಾಟೆ ಬಹುಪಾಲು ಬೇರೆ ಟವರುಗಳದ್ದೇ.

ಆರ್‌ಎಸ್‌ಆರ್‌ಪಿ ಯಾವಾಗಲೂ ಮೈನಸ್ಸಿನಲ್ಲಿರುತ್ತದೆ. -80 ಇದ್ದರೆ ಚೆನ್ನಾಗಿದೆ, -100 ಪರವಾಗಿಲ್ಲ, -110ಕ್ಕಿಂತ ಕೆಳಗೆ ಇಳಿದರೆ ಕಷ್ಟ, -120ರ ಹತ್ತಿರ ಯಾವಾಗ ಕೈಕೊಡುತ್ತದೋ ಹೇಳಲಾಗದು. ಎಸ್‌ಐಎನ್‌ಆರ್ 20 ದಾಟಿದ್ದರೆ ಅದೃಷ್ಟ, 10ರ ಸುತ್ತಮುತ್ತ ಕೆಲಸ ನಡೆಯುತ್ತದೆ, ಸೊನ್ನೆಯ ಹತ್ತಿರ ಬಂದರೆ ಎಳೆದಾಟ. ನಮ್ಮ ಹಾಲ್‌ನಲ್ಲಿ -112 ಮತ್ತು 2. ಎರಡೂ ಹಾಳು. ನೆನಪಿಡಬೇಕಾದ ಇನ್ನೊಂದು ಲೆಕ್ಕ: ಈ ಅಂಕಿಗಳೆಲ್ಲ ಡೆಸಿಬೆಲ್ ಲೆಕ್ಕದವು, 3 ಏರಿದರೆ ಶಕ್ತಿ ಎರಡರಷ್ಟು, 10 ಏರಿದರೆ ಹತ್ತರಷ್ಟು.

ಈ ಅಂಕಿಗಳನ್ನು ಆಂಟೆನಾ ತರಿಸುವ ಮೊದಲೇ ನೋಡಬೇಕಿತ್ತು. ಬಿಡಿ.

ಆಮೇಲೆ ಒಂದು ಸಂಜೆ ಎಕ್ಸ್‌ಟೆನ್ಶನ್ ಬೋರ್ಡ್ ಎಳೆದುಕೊಂಡು ರೂಟರನ್ನು ಮನೆಯೆಲ್ಲ ತಿರುಗಿಸಿದೆ. ಒಂದೊಂದು ಜಾಗದಲ್ಲೂ ಎರಡು ನಿಮಿಷ ಕಾದು ಅಂಕಿ ಬರೆದುಕೊಂಡೆ. ಅಡುಗೆಮನೆಯಲ್ಲಿ -118. ಮೇಲಿನ ರೂಮಿನ ಕಿಟಕಿಯಲ್ಲಿ -107. ಅದೇ ರೂಮಿನ ಇನ್ನೊಂದು ಕಿಟಕಿಗೆ ಬಿಸಿಲು ತಡೆಯುವ ಫಿಲ್ಮ್ ಅಂಟಿಸಿದ್ದೇವೆ, ಅಲ್ಲಿ -116. ಆ ಥರದ ಎಷ್ಟೋ ಫಿಲ್ಮುಗಳಲ್ಲಿ ತೆಳ್ಳಗೆ ಲೋಹದ ಪದರ ಇರುತ್ತದೆ. ಬಿಸಿಲನ್ನು ತಡೆದ ಹಾಗೇ ಸಿಗ್ನಲ್ಲನ್ನೂ ತಡೆಯುತ್ತದೆ. ತಾರಸಿಯಲ್ಲಿ ಬರೀ ರೂಟರ್ ಇಟ್ಟರೆ, ಆಂಟೆನಾನೂ ಇಲ್ಲ ಏನೂ ಇಲ್ಲ, -101 ಮತ್ತು 8. ಅಂದರೆ ಮೆಟ್ಟಿಲು ಹತ್ತಿದ್ದಕ್ಕೇ 11 ಡೆಸಿಬೆಲ್ ಬಿಟ್ಟಿ ಸಿಕ್ಕಿತ್ತು, ಹನ್ನೆರಡು ಪಟ್ಟಿಗಿಂತ ಜಾಸ್ತಿ. ಎಷ್ಟೋ ಮನೆಗಳಲ್ಲಿ ರೂಟರನ್ನು ಸರಿಯಾದ ಕಿಟಕಿಗೆ ಸರಿಸಿದರೇ ಸಾಕಾಗುತ್ತದೆ, ಆಂಟೆನಾದ ಮಾತೇ ಬೇಡ.

ಇನ್ನೊಂದು ಪರೀಕ್ಷೆ ನಡುರಾತ್ರಿಯದು. ಎರಡು ಗಂಟೆಗೆ ಅಲಾರಾಂ ಇಟ್ಟು ಎದ್ದು ವೇಗ ಅಳೆದೆ. ಆಗಲೂ 7ರ ಮೇಲೆ ಹೋಗಲಿಲ್ಲ. ರಾತ್ರಿ 40 ಬಂದು ಸಂಜೆ 6ಕ್ಕೆ ಇಳಿಯುತ್ತಿದ್ದರೆ, ಟವರಿನಲ್ಲಿ ಜನ ತುಂಬಿದ್ದಾರೆ ಅಂತ ಅರ್ಥ. ಅದಕ್ಕೆ ಆಂಟೆನಾ ಮದ್ದಲ್ಲ. ಬೇರೆ ಬ್ಯಾಂಡಿಗೆ, ಅಂದರೆ ಬೇರೆ ಫ್ರೀಕ್ವೆನ್ಸಿ ಪಟ್ಟಿಗೆ ಹೋಗಬೇಕು, ಇಲ್ಲ ಬೇರೆ ಕಂಪನಿಯ ಸಿಮ್ ಹಾಕಬೇಕು. ನಮ್ಮದು ಹಾಗಲ್ಲ, ಸಿಗ್ನಲ್ಲಿನದೇ ತೊಂದರೆ ಅಂತ ಖಾತ್ರಿಯಾಯಿತು. ಬೆಳಿಗ್ಗೆ ಅಮ್ಮ "ರಾತ್ರಿ ಯಾರ ಹತ್ತಿರ ಮಾತಾಡ್ತಿದ್ದೆ?" ಅಂತ ಕೇಳಿದರು. ಸುಮ್ನೆ ನಕ್ಕೆ.

ಈಗ ಆ ಮೂರು ತಪ್ಪುಗಳಿಗೆ ಬರುತ್ತೇನೆ.

ದೊಡ್ಡದು ವೈರಿನದು. ಆಂಟೆನಾದಿಂದ ರೂಟರಿಗೆ ಬರುವ ವೈರ್ ಸಿಗ್ನಲ್ಲನ್ನು ದಾರಿಯುದ್ದಕ್ಕೂ ತಿನ್ನುತ್ತದೆ. ನನಗೆ ಬಂದದ್ದು ಆರ್‌ಜಿ-58 ಅನ್ನುವ ತೆಳ್ಳನೆಯ ವೈರ್. ನಮ್ಮ ಟವರಿನ 1800 ಮೆಗಾಹರ್ಟ್ಸ್‌ನಲ್ಲಿ ಅದು ಮೀಟರಿಗೆ ಸುಮಾರು 0.8 ಡೆಸಿಬೆಲ್ ನುಂಗುತ್ತದೆ. 10 ಮೀಟರಿಗೆ 8. ಅಂದರೆ ಮೇಲೆ ನೂರು ಪಾಲು ಹಿಡಿದರೆ ಕೆಳಗೆ ಮುಟ್ಟುವುದು ಹದಿನಾರೇ ಪಾಲು. ಹೋಗುವಾಗಲೂ ಅದೇ ಗತಿ. ಮೊಬೈಲಾಗಲಿ ಇಂಥ ರೂಟರಾಗಲಿ ಟವರಿಗೆ ಕೂಗುವ ದನಿ ಸಾಮಾನ್ಯವಾಗಿ ಹೆಚ್ಚೆಂದರೆ 23 ಡಿಬಿಎಂ, ಅಂದರೆ 200 ಮಿಲಿವಾಟ್. ನನ್ನ ವೈರ್ ದಾಟಿ ಆಂಟೆನಾಗೆ ಮುಟ್ಟುತ್ತಿದ್ದದ್ದು 32 ಮಿಲಿವಾಟ್. ಟವರ್ ನಮಗೆ ಕೇಳಿಸುತ್ತಿರುತ್ತದೆ, ನಾವು ಟವರಿಗೆ ಕೇಳಿಸುವುದಿಲ್ಲ. ಆಂಟೆನಾ ಹಾಕಿದ ಮೇಲೂ ಮೀಟಿಂಗಿನಲ್ಲಿ ಎಲ್ಲರ ಮುಖವೂ ನನಗೆ ಚೆನ್ನಾಗಿ ಕಾಣುತ್ತಿತ್ತು, ನನ್ನದೊಂದೇ ನಿಲ್ಲುತ್ತಿತ್ತು. ಅದರ ಗುಟ್ಟು ಇಲ್ಲಿತ್ತು.

ದಪ್ಪ ವೈರ್ ಹಾಕಬಹುದು. ಎಲ್‌ಎಂಆರ್-400 ಅನ್ನುವ ಜಾತಿಯದು ಮೀಟರಿಗೆ 0.2ರಷ್ಟೇ ತಿನ್ನುತ್ತದೆ. ಆದರೆ ಅದು ಬೆರಳಿನಷ್ಟು ದಪ್ಪ, ಸುಲಭಕ್ಕೆ ಬಗ್ಗದು, ರೂಟರಿನ ಪುಟ್ಟ ಕಿಂಡಿಗೆ ನೇರ ಸಿಕ್ಕಿಸಿದರೆ ಭಾರಕ್ಕೆ ಕಿಂಡಿಯೇ ಕಿತ್ತು ಬರಬಹುದು. ನಡುವಿನದು ಎಲ್‌ಎಂಆರ್-200, ಮೀಟರಿಗೆ ಅರ್ಧ ಡೆಸಿಬೆಲ್ಲಿನ ಹತ್ತಿರ. 5ಜಿಯವರು ಇನ್ನೂ ಹುಷಾರಾಗಿರಬೇಕು. 3500 ಮೆಗಾಹರ್ಟ್ಸ್‌ಗೆ ಹೋದರೆ ಇದೇ ವೈರುಗಳು ಇನ್ನೂ ಜಾಸ್ತಿ ತಿನ್ನುತ್ತವೆ.

ಎರಡನೆಯ ತಪ್ಪು ಒಂದೇ ವೈರ್ ಇರುವುದನ್ನು ತಂದದ್ದು. ನನ್ನ ರೂಟರಿಗೆ ಹಿಂದೆ ಎರಡು ಕಿಂಡಿಗಳಿವೆ. ಒಂದಕ್ಕೆ ಆಂಟೆನಾ ಸಿಕ್ಕಿಸಿ ಇನ್ನೊಂದನ್ನು ಖಾಲಿ ಬಿಟ್ಟಿದ್ದೆ. 4ಜಿ ಒಂದೇ ಹೊತ್ತಿಗೆ ಎರಡು ಧಾರೆಗಳಲ್ಲಿ ಡೇಟಾ ಕಳಿಸಬಲ್ಲದು, ಮೈಮೋ ಅನ್ನುವುದು ಅದನ್ನೇ. ಅದಕ್ಕೆ ಎರಡು ಆಂಟೆನಾ ಬೇಕು. ಸೆಟ್ಟಿಂಗ್ಸ್‌ನಲ್ಲಿ 'ಹೊರಗಿನ ಆಂಟೆನಾ' ಅಂತ ಒತ್ತಿದ ಕೂಡಲೇ ನನ್ನ ರೂಟರ್ ಒಳಗಿನ ಎರಡನ್ನೂ ಬಿಟ್ಟುಬಿಡುತ್ತದೆ. ಹಾಗಾಗಿ ಎರಡು ಧಾರೆ ಹೋಗಿ ಒಂದೇ ಉಳಿಯಿತು. ಕಡ್ಡಿ ಏರಿ ವೇಗ ಇಳಿದದ್ದು ಹೀಗೆ. ತಮ್ಮನಿಗೆ ಇದನ್ನು ಹೇಳಿದಾಗ "ಅಂದ್ರೆ ಅವತ್ತೇ ನಿಂಗೆ ಗೊತ್ತಿತ್ತಾ?" ಅಂದ. ವೇಗ ಇಳಿದದ್ದು ಗೊತ್ತಿತ್ತು ಕಣೋ, ಯಾಕೆ ಅಂತ ಗೊತ್ತಿರಲಿಲ್ಲ.

ಎರಡು ಬೇರೆ ಬೇರೆ ಆಂಟೆನಾ ತಂದರೂ ಎರಡನ್ನೂ ಒಂದೇ ಥರ ನೆಟ್ಟಗೆ ನಿಲ್ಲಿಸಿದರೆ ಅಷ್ಟಕ್ಕಷ್ಟೇ. ಟವರ್ ತನ್ನ ಅಲೆಗಳನ್ನು ಸಾಮಾನ್ಯವಾಗಿ ಒಂದನ್ನು ಬಲಕ್ಕೆ 45 ಡಿಗ್ರಿ, ಇನ್ನೊಂದನ್ನು ಎಡಕ್ಕೆ 45 ಡಿಗ್ರಿ ವಾಲಿಸಿ ಕಳಿಸುತ್ತದೆ. ಹಿಡಿಯುವ ಆಂಟೆನಾಗಳನ್ನೂ ಗುಣಿಸು ಚಿಹ್ನೆಯಂತೆ ವಾಲಿಸಬೇಕು. ಚಪ್ಪಟೆ ಪೆಟ್ಟಿಗೆಯಂಥ ಪ್ಯಾನೆಲ್ ಆಂಟೆನಾಗಳಲ್ಲಿ ಈ ಎರಡೂ ಒಳಗೇ ಕೂತಿರುತ್ತವೆ, ಹಿಂದೆ ಎರಡು ವೈರ್ ಬರುತ್ತವೆ. ಕೊಳ್ಳುವಾಗ ವೈರುಗಳನ್ನು ಎಣಿಸಿ. ನಾಲ್ಕು ಕಿಂಡಿ ಇರುವ 5ಜಿ ರೂಟರಾದರೆ ನಾಲ್ಕು ವೈರ್.

ಮೂರನೆಯದು 12 ಡಿಬಿಐ ಅನ್ನುವ ಅಂಕಿ. ಆಂಟೆನಾ ತಾನಾಗಿ ಶಕ್ತಿ ಹುಟ್ಟಿಸುವುದಿಲ್ಲ. ಎಲ್ಲ ದಿಕ್ಕಿಗೂ ಹರಡಿದ್ದನ್ನು ಒಂದು ದಿಕ್ಕಿಗೆ ಒಟ್ಟು ಮಾಡುತ್ತದೆ, ಅಷ್ಟೇ. ಹಾಗೆ ಒಟ್ಟು ಮಾಡಲು ಗಾತ್ರ ಬೇಕು. ನಾನು ಹುಡುಕುತ್ತಿದ್ದಾಗ ಅಂಗೈ ಅಗಲದ್ದೊಂದಕ್ಕೆ '35 ಡಿಬಿಐ' ಅಂತ ಬರೆದಿದ್ದರು. ಲೆಕ್ಕದವಳಲ್ವಾ, ಕೂತು ಲೆಕ್ಕ ಹಾಕಿದೆ. 1800 ಮೆಗಾಹರ್ಟ್ಸ್‌ನ ಅಲೆ ಸುಮಾರು 17 ಸೆಂಟಿಮೀಟರ್ ಉದ್ದ. ಆ ಅಲೆಗೆ ನಿಜವಾಗಿ 35 ಡಿಬಿಐ ಬೇಕೆಂದರೆ ಹೆಚ್ಚುಕಮ್ಮಿ 4 ಮೀಟರ್ ಅಗಲದ ಡಿಶ್ ಕಟ್ಟಬೇಕು. ಅಂಗೈ ಅಗಲದ ಪೆಟ್ಟಿಗೆಯಲ್ಲಿ ಅದು ಎಲ್ಲಿ ಕೂತಿದೆಯೋ! ನನ್ನ ಕೋಲು ಆಂಟೆನಾಗೂ ಹೇಳಿದಷ್ಟು ಇರಲಿಲ್ಲ. ಅದು ಸುತ್ತಲೂ ಹಿಡಿಯುವ ಜಾತಿ, ಓಮ್ನಿ ಅನ್ನುತ್ತಾರೆ. ಓಡುವ ವಾಹನಕ್ಕೋ ದೋಣಿಗೋ ಅದು ಸರಿ. ನಿಂತಲ್ಲೇ ನಿಂತಿರುವ ಮನೆಗೆ, ಅದರಲ್ಲೂ ಎಸ್‌ಐಎನ್‌ಆರ್ ಕೆಟ್ಟಿರುವಾಗ, ಬೇಕಾದ ಟವರಿನ ಜೊತೆ ಬೇಡದ ಟವರುಗಳನ್ನೂ ಅಷ್ಟೇ ಪ್ರೀತಿಯಿಂದ ಕರೆತರುತ್ತದೆ.

ದಿಕ್ಕು ನೋಡಿ ಹಿಡಿಯುವವುಗಳಲ್ಲಿ ಮೂರು ನೋಡಿದೆ. ಮೀನಿನ ಮೂಳೆಯಂಥ ಯಾಗಿ. ಹಳೆಯ ಟಿವಿ ಆಂಟೆನಾ ಅಂತ ನಾವೆಲ್ಲ ನೋಡಿದ್ದು ಇದನ್ನೇ. ಜಪಾನಿನ ತೊಹೊಕು ವಿಶ್ವವಿದ್ಯಾಲಯದ ಶಿಂತಾರೊ ಉದಾ ಮತ್ತು ಹಿದೆತ್ಸುಗು ಯಾಗಿ 1926ರಲ್ಲಿ ಇದನ್ನು ಜಗತ್ತಿಗೆ ಕೊಟ್ಟರು. ಕೆಲಸದ ಬಹುಪಾಲು ಉದಾ ಅವರದು, ಜನರ ಬಾಯಲ್ಲಿ ಉಳಿದದ್ದು ಯಾಗಿಯ ಹೆಸರು ಮಾತ್ರ. ಯಾಗಿ ಒಂದೇ ಬ್ಯಾಂಡಿನಲ್ಲಿ ಗಟ್ಟಿಗ. ನನ್ನ ರೂಟರೋ 1800 ಮತ್ತು 2100 ಎರಡನ್ನೂ ಕೂಡಿಸಿ ಬಳಸುತ್ತದೆ. ಸೆಟ್ಟಿಂಗ್ಸ್ ಪುಟದಲ್ಲಿ ಅವೇ ಬಿ3, ಬಿ1 ಅಂತ ಕಾಣುತ್ತಿದ್ದವು. ಒಂದೇ ಬ್ಯಾಂಡಿನ ಯಾಗಿ ಹಾಕಿದರೆ ಇನ್ನೊಂದು ಸೊರಗುತ್ತದೆ. ಹಾಗಾಗಿ ಬೇಡ ಅಂದೆ. ಲಾಗ್ ಪೀರಿಯಾಡಿಕ್ ಅನ್ನುವುದು ಯಾಗಿಯ ದಾಯಾದಿಯಂತೆ ಕಂಡರೂ 700ರಿಂದ 2700ರವರೆಗೆ ಎಲ್ಲ ಬ್ಯಾಂಡನ್ನೂ ಸಮಾಧಾನವಾಗಿ ಹಿಡಿಯುವಂಥದ್ದು ಸಿಗುತ್ತದೆ. ಆದರೆ ಎರಡು ತಂದು ವಾಲಿಸಿ ಕಟ್ಟಬೇಕು. ಪ್ಯಾನೆಲ್ಲಾದರೆ ಒಂದೇ ಪೆಟ್ಟಿಗೆ, ಗಾಳಿಗೂ ಅಲ್ಲಾಡದು. ಅದನ್ನೇ ಆರಿಸಿದೆ. 9 ಡಿಬಿಐ, 65 ಡಿಗ್ರಿ ಅಗಲದ ನೋಟ. ಅಂಕಿ ಸಣ್ಣದಾಗಿದ್ದದ್ದೇ ನನಗೆ ನಂಬಿಕೆ ಹುಟ್ಟಿಸಿತು. ಡಬ್ಬಿಯಲ್ಲಿ ಬ್ಯಾಂಡುವಾರು ನಕ್ಷೆ ಕೂಡ ಇತ್ತು: 800ರಲ್ಲಿ 6, 1800ರಲ್ಲಿ 9. ಹೀಗೆ ಬಿಡಿಸಿ ಬರೆದವರು ಅಳೆದು ನೋಡಿರುತ್ತಾರೆ ಅನ್ನುವುದು ನನ್ನ ಅನಿಸಿಕೆ.

ಕಿಂಡಿಯ ಬಗ್ಗೆ ಒಂದು ಮಾತು. ಎಸ್‌ಎಂಎ ಅಂತ ಒಂದಿದೆ, ಆರ್‌ಪಿ-ಎಸ್‌ಎಂಎ ಅಂತ ಇನ್ನೊಂದಿದೆ. ಎರಡನೆಯದು ವೈಫೈ ಆಂಟೆನಾಗಳಿಗೆ ಬಳಸುವುದು. ಎರಡರ ತಿರುಪಿನ ಎಳೆಯೂ ಒಂದೇ, ಆರಾಮಾಗಿ ತಿರುಗಿ ಬಿಗಿಯಾಗಿ ಕೂರುತ್ತದೆ. ಆದರೆ ತಪ್ಪು ಜೋಡಿಯಾದರೆ ನಡುವಿನ ಸೂಜಿ ಎರಡು ಕಡೆಯೂ ಇರುವುದಿಲ್ಲ, ಇಲ್ಲ ಎರಡು ಕಡೆಯೂ ಇರುತ್ತದೆ. ಎರಡು ಕಡೆಯೂ ಇದ್ದರೆ ಬಲವಂತ ಮಾಡಿದವರ ಕಿಂಡಿ ಹಾಳು. ನನ್ನ ಪ್ಯಾನೆಲ್ ತರಿಸುವ ಮುಂಚೆ ಟಾರ್ಚ್ ಹಿಡಿದು ರೂಟರಿನ ಕಿಂಡಿಯೊಳಗೆ ನೋಡಿದೆ: ಹೊರಗೆ ತಿರುಪಿನ ಎಳೆ, ನಡುವೆ ತೂತು. ಅದು ಮಾಮೂಲಿ ಎಸ್‌ಎಂಎ ಫೀಮೇಲ್. ಜೇಬಿನಲ್ಲಿ ಹಿಡಿಸುವ ಪುಟ್ಟ ಹಾಟ್‌ಸ್ಪಾಟ್‌ಗಳಲ್ಲಿ ಟಿಎಸ್-9 ಅನ್ನುವ ಒತ್ತಿ ಸಿಕ್ಕಿಸುವ ಕಿಂಡಿ ಇರುತ್ತದೆ, ಅದು ಒಂದಿಷ್ಟು ಎಳೆತಕ್ಕೇ ಬಿಚ್ಚಿಕೊಳ್ಳುತ್ತದೆ. ಕೆಲವು ರೂಟರುಗಳಿಗಂತೂ ಕಿಂಡಿಯೇ ಇರುವುದಿಲ್ಲ. ಮೊದಲು ಹಿಂದೆ ತಿರುಗಿಸಿ ನೋಡಿ.

ಪ್ಯಾನೆಲ್ ಬಂತು. ಅದರ ವೈರ್ ಎರಡೇ ಮೀಟರ್. ತಮ್ಮ ಅದನ್ನು ಕೈಯಲ್ಲಿ ಹಿಡಿದು "ಅಕ್ಕಾ, ಇದು ಕೆಳಗೆ ಎಲ್ಲಿ ಬರುತ್ತೆ?" ಅಂದ. ಉದ್ದನೆಯದು ಜೋಡಿಸೋಣ ಅಂದ. ಆಗ ಹೊಳೆಯಿತು, ವೈರನ್ನು ಕೆಳಗೆ ತರುವುದು ಯಾಕೆ, ರೂಟರನ್ನೇ ಮೇಲೆ ಒಯ್ದರಾಯಿತಲ್ಲ! ರೂಟರಿನಿಂದ ಹೊರಡುವ ಈಥರ್ನೆಟ್ ಕೇಬಲ್ 100 ಮೀಟರ್‌ವರೆಗೆ ವೇಗ ಕಳೆದುಕೊಳ್ಳದೆ ಹೋಗುತ್ತದೆ. ಸಿಗ್ನಲ್ಲನ್ನು 10 ಮೀಟರ್ ಎಳೆಯುವುದು ನಷ್ಟ, ಡೇಟಾವನ್ನು ಎಳೆಯಲು ನಷ್ಟವಿಲ್ಲ. ಹಾಗಾಗಿ ಪ್ಯಾನೆಲ್ ಅಟ್ಟದ ಹೊರಗೋಡೆಗೆ, ರೂಟರ್ ಅದೇ ಗೋಡೆಯ ಒಳಗಡೆ, ಅಲ್ಲಿಂದ ಈಥರ್ನೆಟ್ ಕೆಳಗೆ. ಹಾಲ್‌ನಲ್ಲಿ ಹಳೆಯ ವೈಫೈ ರೂಟರೊಂದನ್ನು ಆಕ್ಸೆಸ್ ಪಾಯಿಂಟ್, ಅಂದರೆ ಬರೀ ವೈಫೈ ಹರಡುವ ಡಬ್ಬಿ ಮಾಡಿ ಇಟ್ಟೆ. ಎರಡು ಮೀಟರ್ ವೈರಿನಲ್ಲಿ ಹೋಗುವುದು ಒಂದೇ ಡೆಸಿಬೆಲ್.

ಇದನ್ನೇ ಇನ್ನೂ ಮುಂದಕ್ಕೆ ಒಯ್ದವರೂ ಇದ್ದಾರೆ. ಆಂಟೆನಾ, ಮೋಡೆಮ್ ಎರಡೂ ಒಂದೇ ಡಬ್ಬಿಯಲ್ಲಿರುವ ಹೊರಾಂಗಣ ಯೂನಿಟ್ ಸಿಗುತ್ತದೆ. ಅದಕ್ಕೆ ಕರೆಂಟ್ ಕೂಡ ಈಥರ್ನೆಟ್ ಕೇಬಲ್ಲಿನಲ್ಲೇ ಹೋಗುತ್ತದೆ. ಈಗ ಹೊಸದಾಗಿ ಶುರು ಮಾಡುವವಳಾಗಿದ್ದರೆ ನಾನು ಅದನ್ನೇ ಕೊಳ್ಳುತ್ತಿದ್ದೆ. ಸಿಗ್ನಲ್ ಬೂಸ್ಟರ್ ಅಂತ ಮಾರುವ, ಕರೆಂಟಿನಲ್ಲಿ ನಡೆಯುವ ರಿಪೀಟರುಗಳ ಸುದ್ದಿಗೆ ಮಾತ್ರ ಹೋಗಲಿಲ್ಲ. ಬಹಳ ದೇಶಗಳಲ್ಲಿ ಅನುಮತಿಯಿಲ್ಲದೆ ಅವನ್ನು ಹಾಕುವಂತಿಲ್ಲ. ಅಕ್ಕಪಕ್ಕದವರ ಸಿಗ್ನಲ್ಲನ್ನೂ ಕೆಡಿಸಬಲ್ಲವು.

ದಿಕ್ಕು ಹೊಂದಿಸಿದ್ದು ಒಂದು ಭಾನುವಾರ ಬೆಳಿಗ್ಗೆ ಪೂರ್ತಿ. ತಮ್ಮ ಹೊರಗೆ ಏಣಿ ಮೇಲೆ, ನಾನು ಒಳಗೆ ಫೋನ್ ಹಿಡಿದು ಅಂಕಿ ಓದುತ್ತ. ಟವರ್ ಸುಮಾರು 3 ಕಿಲೋಮೀಟರ್ ದೂರ, ನಡುವೆ ದೊಡ್ಡ ಮರಗಳ ಸಾಲು. ಮೊದಲು ನೇರ ಅದರ ಕಡೆಗೇ ತಿರುಗಿಸಿದೆವು. -89, ಎಸ್‌ಐಎನ್‌ಆರ್ 11. "ಬಿಗಿ ಮಾಡ್ಲಾ?" ಅಂದ. ತಡಿಯೋ ಅಂದೆ. ಹತ್ತು ಹತ್ತು ಡಿಗ್ರಿ ಸರಿಸಿ, ಪ್ರತಿ ಸಲ ಒಂದು ನಿಮಿಷ ಕಾದೆವು. ಅಂಕಿಗಳು ಕೂಡಲೇ ಬದಲಾಗುವುದಿಲ್ಲ. ಅವಸರ ಮಾಡಿದರೆ ಹಿಂದಿನ ದಿಕ್ಕಿನ ಅಂಕಿಯನ್ನೇ ಈಗಿನದು ಅಂದುಕೊಳ್ಳುತ್ತೇವೆ. ಪಿಸಿಐ ಅನ್ನುವ ಅಂಕಿಯ ಮೇಲೂ ಕಣ್ಣಿಟ್ಟಿದ್ದೆ. 4ಜಿಯಲ್ಲಿ ಅದು 0ರಿಂದ 503ರೊಳಗೆ ಇರುತ್ತದೆ, ಟವರಿನ ಯಾವ ಮಗ್ಗುಲಿಗೆ ಅಂಟಿಕೊಂಡಿದ್ದೇವೆ ಅನ್ನುವುದನ್ನು ಹೇಳುತ್ತದೆ. ಅದು ಬದಲಾದರೆ ನಾವು ಬೇರೆ ಟವರಿಗೋ ಮಗ್ಗುಲಿಗೋ ಹಾರಿದ್ದೇವೆ ಅಂತ.

ಎಡಕ್ಕೆ 20 ಡಿಗ್ರಿ ಹೋದಾಗ ವಿಚಿತ್ರ ಕಂಡಿತು. ಆರ್‌ಎಸ್‌ಆರ್‌ಪಿ -91ಕ್ಕೆ ಇಳಿಯಿತು, ಎಸ್‌ಐಎನ್‌ಆರ್ 16ಕ್ಕೆ ಏರಿತು. ದನಿ ಕೊಂಚ ಕಮ್ಮಿ, ಆದರೆ ಗಲಾಟೆ ಬಹಳ ಕಮ್ಮಿ. ಬಲಗಡೆ ಇರುವ ಇನ್ನೊಂದು ಟವರ್ ಪ್ಯಾನೆಲ್ಲಿನ ನೋಟದಿಂದ ಆಚೆ ಸರಿದಿತ್ತು. ಈ ಎರಡರಲ್ಲಿ ಯಾವುದು ಬೇಕು ಅಂದರೆ ನಾನು ಎಸ್‌ಐಎನ್‌ಆರ್ ಕಡೆಗೇ ವಾಲುತ್ತೇನೆ, ವೇಗವನ್ನು ನಿರ್ಧರಿಸುವುದು ಬಹುತೇಕ ಅದೇ. ಅಲ್ಲೇ ನಿಲ್ಲಿಸು ಅಂದೆ. ವೇಗ ಅಳೆದರೆ 38.

ಎತ್ತರವನ್ನೂ ಬದಲಿಸಿ ನೋಡಿದೆವು. ಟವರ್ ಕಣ್ಣಿಗೆ ಕಂಡರೆ ಸಾಲದು, ನಡುವಿನ ದಾರಿ ಅಗಲವಾಗಿ ಖಾಲಿ ಇರಬೇಕು. 3 ಕಿಲೋಮೀಟರಿಗೆ, 1800 ಮೆಗಾಹರ್ಟ್ಸ್‌ಗೆ, ನಡುಮಧ್ಯದಲ್ಲಿ ಆ ದಾರಿಯ ಸುತ್ತ 11 ಮೀಟರ್‌ನಷ್ಟು ಜಾಗ ಬೇಕು. ಫ್ರೆನೆಲ್ ವಲಯ ಅನ್ನುತ್ತಾರೆ. ನಮ್ಮ ಮರಗಳು ಅದರೊಳಗೇ ಇವೆ. ಪ್ಯಾನೆಲ್ ಕಟ್ಟಿದ ಕೊಳವೆಯನ್ನು ಒಂದೂವರೆ ಮೀಟರ್ ಏರಿಸಿದರೂ ಒಂದೇ ಡೆಸಿಬೆಲ್ ಸಿಕ್ಕಿತು. ಅಷ್ಟಕ್ಕಾಗಿ ಗಾಳಿಗೆ ಅಲ್ಲಾಡುವ ಕೋಲು ಬೇಡ ಅಂತ ಮತ್ತೆ ಗೋಡೆಗೇ ಇಳಿಸಿದೆವು.

ವೈರ್ ಗೋಡೆಯೊಳಗೆ ಹೋಗುವ ಮುಂಚೆ ಕೆಳಗೆ ಒಂದು ಬಾಗು ಕೊಟ್ಟಿದ್ದೇವೆ. ಮಳೆನೀರು ಅಲ್ಲಿಂದಲೇ ತೊಟ್ಟಿಕ್ಕಲಿ, ಒಳಗೆ ಬಾರದಿರಲಿ ಅಂತ. ಜೋಡಣೆಗಳ ಮೇಲೆ ತನಗೆ ತಾನೇ ಅಂಟಿಕೊಳ್ಳುವ ರಬ್ಬರ್ ಟೇಪ್ ಸುತ್ತಿದ್ದೇವೆ. ಕೊಳವೆಯನ್ನು ಅರ್ಥಿಂಗ್ ಮಾಡುವುದು, ವೈರಿಗೆ ಸಿಡಿಲು ತಡೆ ಹಾಕುವುದು, ಈ ಎರಡನ್ನೂ ಎಲೆಕ್ಟ್ರಿಷಿಯನ್ ಕೈಯಲ್ಲಿ ಮಾಡಿಸಿದೆ, ಅದರಲ್ಲಿ ನನ್ನ ಬುದ್ಧಿವಂತಿಕೆ ಬೇಡ ಅಂತ. ನೇರ ಬಡಿದ ಸಿಡಿಲನ್ನು ಅದು ತಡೆಯುತ್ತದೆ ಅಂತ ಯಾರೂ ಮಾತು ಕೊಡುವುದಿಲ್ಲ. ಹಾಗಾಗಿ ಗುಡುಗು ಶುರುವಾದರೆ ಅಟ್ಟಕ್ಕೆ ಓಡಿ ಎಲ್ಲ ಕಳಚುತ್ತೇನೆ. ಮೊಣಕಾಲಿಗೆ ಒಳ್ಳೆಯ ವ್ಯಾಯಾಮ.

ಒಂದು ಕೊರತೆ ಉಳಿದಿದೆ. ಮಧ್ಯಾಹ್ನ ಅಟ್ಟ ಕಾಯುತ್ತದೆ, ರೂಟರ್ ಬಿಸಿಯಾಗಿ ಎರಡು ಸಲ ತಾನೇ ಆರಿ ಹೊತ್ತಿಕೊಂಡಿತು. ಈಗ ಅದನ್ನು ನೆಲದಿಂದ ಎತ್ತಿ, ಗಾಳಿಕಿಂಡಿಯ ಎದುರು ನಿಲ್ಲಿಸಿದ್ದೇನೆ. ಸದ್ಯ ಸುಮ್ಮನಿದೆ.

ಕೋಲು ಆಂಟೆನಾ ಬಾಗಿಲ ಹಿಂದೆ ಒರಗಿ ನಿಂತಿದೆ. ಹೋದ ವಾರ ಗೆಳತಿಯೊಬ್ಬಳು ಫೋನ್ ಮಾಡಿ, "ಹೇಗೂ ಬಳಸ್ತಿಲ್ಲವಲ್ಲ, ನನಗೆ ಕೊಡೇ" ಅಂದಳು. ಕೊಡ್ತೀನಿ, ಅದಕ್ಕೆ ಮುಂಚೆ ನಿನ್ನ ರೂಟರನ್ನು ಮೇಲೊಮ್ಮೆ ಒಯ್ದು ಎರಡು ಅಂಕಿ ಬರೆದು ಕಳಿಸು ಅಂದೆ. "ಎಷ್ಟು ಕಡ್ಡಿ ಇದೆ ಅಂತ ಕಳಿಸಿದ್ರೆ ಸಾಕಾ?" ಅಂತ ಕೇಳಿದ್ದಾಳೆ.